ಕರ್ನಲ್‌ನ ಎರಡು ಲೆಕ್ಕದ ಪುಸ್ತಕಗಳು: ವರ್ಚುವಲ್ ವಿಳಾಸ ಪ್ರದೇಶವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡುವುದು

ಓಡುತ್ತಿರುವ ಪ್ರೊಗ್ರಾಮುಗಳನ್ನು ಪಟ್ಟಿ ಮಾಡುವ ಟಾಪ್ ಕಮಾಂಡ್ ಓಡಿಸಿದಾಗ, ಪ್ರೊಗ್ರಾಮಿನ ವರ್ಚುವಲ್ ವಿಳಾಸ ಪ್ರದೇಶದ ಅಳತೆ ತೋರಿಸುವ 'ವರ್ಟ್' ಅನ್ನುವ ಕಾಲಂ ನೋಡಿ ಹೌಹಾರಿದವರಲ್ಲಿ ನಾನೂ ಒಬ್ಬ. 8 ಜಿಬಿ ರ‍್ಯಾಮ್ ಇದ್ದ ಯಂತ್ರದಲ್ಲಿ ಒಂದೇ ಪ್ರೊಗ್ರಾಮು 20 ಜಿಬಿಗೂ ಹೆಚ್ಚು ತೋರಿಸುತ್ತಿತ್ತು. ಎಲ್ಲೋ ಮೆಮೊರಿ ಸೋರುತ್ತಿದೆ ಎಂದುಕೊಂಡು ಎರಡು ದಿನ ಕೋಡೆಲ್ಲ ಜಾಲಾಡಿದೆ. ಸೋರಿಕೆ ಇರಲಿಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 20 ಜಿಬಿಗೆ 'ಆಗಲಿ' ಅಂದಿತ್ತು, ಆದರೆ ಕೈಗೆ ಕೊಟ್ಟದ್ದು 300 ಎಂಬಿ ಕೂಡ ಇರಲಿಲ್ಲ.

ಈ ವಿಷಯದಲ್ಲಿ ಹುಟ್ಟುವ ಗೊಂದಲಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದೇ. ಕರ್ನಲ್ ಪ್ರತಿ ಪ್ರೊಸೆಸ್‌ಗೂ, ಅಂದರೆ ಓಡುತ್ತಿರುವ ಪ್ರೊಗ್ರಾಮಿಗೂ, ಎರಡು ಬೇರೆ ಬೇರೆ ಲೆಕ್ಕ ಇಡುತ್ತದೆ. ಯಾವ ವರ್ಚುವಲ್ ವಿಳಾಸಗಳಿಗೆ (ಪ್ರೊಗ್ರಾಮು ಕಾಣುವ, ರ‍್ಯಾಮ್‌ನ ನಿಜ ಜಾಗವಲ್ಲದ ವಿಳಾಸಗಳಿಗೆ) ಏನು ಒಪ್ಪಿಕೊಂಡಿದ್ದೇನೆ ಅನ್ನುವುದು ಒಂದು ಪುಸ್ತಕ. ಅದರಲ್ಲಿ ನಿಜವಾಗಿ ಎಷ್ಟನ್ನು ಕೊಟ್ಟಿದ್ದೇನೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಓದುವುದು ಕರ್ನಲ್ ಮಾತ್ರ. ಎರಡನೆಯದನ್ನು ಪ್ರೊಸೆಸರ್ ಕೂಡ ಓದುತ್ತದೆ. ಇವೆರಡನ್ನು ಬೆರೆಸದೆ ನೋಡಲು ಕಲಿತರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಮಾರ್ಗದರ್ಶಿ ಉದ್ದಕ್ಕೂ ಮಾಡುವುದು ಅದನ್ನೇ.

ಬೇಕಾಗಿರುವುದು 64 ಬಿಟ್ ಲಿನಕ್ಸ್ ಇರುವ ಒಂದು ಎಕ್ಸ್86-64 ಯಂತ್ರ, ಟರ್ಮಿನಲ್, ಸಿ ಕಂಪೈಲರ್. ಬೇರೆ ಕರ್ನಲ್‌ಗಳಲ್ಲಿ ಹೆಸರು ಬದಲಾಗುತ್ತದೆ, ವಿಚಾರ ಬಹುತೇಕ ಇದೇ.

ಹೆಜ್ಜೆ 1: ನಕ್ಷೆಯನ್ನು ಕಣ್ಣಾರೆ ನೋಡಿ

'ಪ್ರಾಕ್' ಡೈರೆಕ್ಟರಿಯ ಒಳಗೆ 'ಸೆಲ್ಫ್', ಅದರೊಳಗೆ 'ಮ್ಯಾಪ್ಸ್' ಎಂಬ ಫೈಲ್ ಇದೆ. ಅದನ್ನು ಕ್ಯಾಟ್ ಕಮಾಂಡಿನಿಂದ ತೆರೆಯಿರಿ. 'ಸೆಲ್ಫ್' ಅಂದರೆ ಓದುತ್ತಿರುವ ಪ್ರೊಸೆಸ್ಸೇ, ಆದ್ದರಿಂದ ನೀವು ನೋಡುವುದು ಕ್ಯಾಟ್‌ನ ಸ್ವಂತ ವಿಳಾಸ ಪ್ರದೇಶ. ಇಪ್ಪತ್ತು ಮೂವತ್ತು ಸಾಲು ಬರುತ್ತದೆ. ಒಂದೊಂದು ಸಾಲೂ ಮೊದಲ ಪುಸ್ತಕದ ಒಂದೊಂದು ನಮೂದು. ಕರ್ನಲ್ ಕೋಡಿನಲ್ಲಿ ಇದಕ್ಕೆ ವಿಎಂಎ (ವರ್ಚುವಲ್ ಮೆಮೊರಿ ಏರಿಯಾ) ಅನ್ನುತ್ತಾರೆ.

ಸಾಲಿನ ಮೊದಲಿಗೆ ಶುರು ಮತ್ತು ಕೊನೆಯ ವಿಳಾಸ, ಹದಿನಾರರ ಸಂಖ್ಯಾಪದ್ಧತಿಯಲ್ಲಿ. ಆಮೇಲೆ ನಾಲ್ಕು ಅಕ್ಷರ: ಆರ್ ಇದ್ದರೆ ಓದಬಹುದು, ಡಬ್ಲ್ಯೂ ಇದ್ದರೆ ಬರೆಯಬಹುದು, ಎಕ್ಸ್ ಇದ್ದರೆ ಅಲ್ಲಿರುವುದನ್ನು ಕೋಡಾಗಿ ಓಡಿಸಬಹುದು. ನಾಲ್ಕನೆಯದು ಪಿ ಆಗಿದ್ದರೆ ಬರೆದದ್ದು ಈ ಪ್ರೊಸೆಸ್‌ನಲ್ಲೇ ಉಳಿಯುತ್ತದೆ, ಎಸ್ ಆಗಿದ್ದರೆ ಹಂಚಿಕೊಂಡ ಎಲ್ಲರಿಗೂ ಕಾಣುತ್ತದೆ. ಮುಂದಿನದು ಫೈಲಿನೊಳಗಿನ ಸ್ಥಾನ, ಡಿವೈಸ್, ಐನೋಡ್, ಕೊನೆಗೆ ಫೈಲಿನ ಹೆಸರು. ಹೆಸರಿಲ್ಲದ ಸಾಲುಗಳ ಹಿಂದೆ ಯಾವ ಫೈಲೂ ಇಲ್ಲ. ಅವುಗಳನ್ನು ಅನಾನಿಮಸ್ ಮ್ಯಾಪಿಂಗ್ ಎನ್ನುತ್ತಾರೆ.

ಒಂದೇ ಪ್ರೊಗ್ರಾಮಿನ ಹೆಸರು ನಾಲ್ಕೈದು ಸಾಲುಗಳಲ್ಲಿ ಮತ್ತೆ ಮತ್ತೆ ಬರುವುದೇಕೆ ಎಂದು ಕೇಳುವವರಿದ್ದಾರೆ. ಒಂದು ನಮೂದಿಗೆ ಒಂದೇ ಬಗೆಯ ಅನುಮತಿ. ಕೋಡ್ ಓದಿ ಓಡಿಸಲು, ಸ್ಥಿರ ದತ್ತಾಂಶ ಓದಲು ಮಾತ್ರ, ಬದಲಾಗುವ ದತ್ತಾಂಶ ಓದಿ ಬರೆಯಲು. ಅನುಮತಿ ಬದಲಾದ ಕಡೆ ಹೊಸ ಸಾಲು ಹುಟ್ಟಲೇಬೇಕು. ಒಂದು ದೊಡ್ಡ ಮ್ಯಾಪಿಂಗ್‌ನ ನಟ್ಟನಡುವಿನ ಪೇಜ್‌ಗೆ (4 ಕೆಬಿ ತುಂಡಿಗೆ) ಅನುಮತಿ ಬದಲಿಸುವ ಎಂಪ್ರೊಟೆಕ್ಟ್ ಮಾಡಿ ನೋಡಿ: ಇದ್ದ ಒಂದು ಸಾಲು ಮೂರಾಗುತ್ತದೆ. ಹಳೆಯ ಅನುಮತಿ ವಾಪಸ್ ಕೊಟ್ಟರೆ ಕರ್ನಲ್ ಅವನ್ನು ಸಾಮಾನ್ಯವಾಗಿ ಮತ್ತೆ ಒಂದು ಮಾಡುತ್ತದೆ. ಇಂಥ ಸಾಲುಗಳಿಗೆ ಒಂದು ಮಿತಿಯೂ ಇದೆ, ಕರ್ನಲ್‌ನ ಮೂಲ ಸೆಟ್ಟಿಂಗ್ 65,530. ರ‍್ಯಾಮ್ ಬೇಕಾದಷ್ಟು ಖಾಲಿ ಇದ್ದರೂ ಹೊಸ ಮ್ಯಾಪಿಂಗ್ ಕೇಳುವ ಎಂಮ್ಯಾಪ್ ಕರೆ 'ಮೆಮೊರಿ ಇಲ್ಲ' ಅನ್ನುತ್ತಿದ್ದರೆ ಮೊದಲು ಈ ಮಿತಿಯ ಕಡೆ ನೋಡಿ.

ಹೆಜ್ಜೆ 2: ಯಾವುದು ಎಲ್ಲಿ ಕೂರುತ್ತದೆ, ಏಕೆ

48 ಬಿಟ್‌ಗಳ ವಿಳಾಸದಿಂದ ಒಟ್ಟು 256 ಟಿಬಿ ಗುರುತಿಸಬಹುದು. ಕೆಳಗಿನ 128 ಟಿಬಿ ಪ್ರೊಸೆಸ್‌ಗೆ, ಮೇಲಿನ 128 ಟಿಬಿ ಕರ್ನಲ್‌ಗೆ. ವಿಳಾಸ 64 ಬಿಟ್ ಉದ್ದವಿದ್ದರೂ ಮೇಲಿನ 16 ಬಿಟ್‌ಗಳು 47ನೇ ಬಿಟ್‌ನ ನಕಲಾಗಿಯೇ ಇರಬೇಕು ಎಂಬುದು ಪ್ರೊಸೆಸರ್ ಹಾಕಿದ ನಿಯಮ. ಹೀಗಾಗಿ ಎರಡು ಅರ್ಧಗಳ ನಡುವೆ ಯಾರೂ ಮುಟ್ಟಲಾಗದ ಮಹಾ ಕಂದರ ಬೀಳುತ್ತದೆ. ಹೊಸ ಪ್ರೊಸೆಸರ್‌ಗಳಲ್ಲಿ 57 ಬಿಟ್ ವಿಳಾಸವೂ ಉಂಟು. ಆಗ ಒಟ್ಟು ಪ್ರದೇಶ 128 ಪಿಬಿ ಆಗುತ್ತದೆ. ಆದರೂ ಪ್ರೊಗ್ರಾಮು ತಾನಾಗಿ ಎತ್ತರದ ವಿಳಾಸ ಕೇಳದ ಹೊರತು ಲಿನಕ್ಸ್ ಹಳೆಯ ಗಡಿಯೊಳಗೇ ಜಾಗ ಕೊಡುತ್ತದೆ. ಉಪಯೋಗವಾಗದ ಮೇಲಿನ ಬಿಟ್‌ಗಳಲ್ಲಿ ತಮ್ಮದೇ ಮಾಹಿತಿ ಬಚ್ಚಿಡುವ ಪ್ರೊಗ್ರಾಮುಗಳು ಕೆಟ್ಟು ಕೂರಬಾರದಲ್ಲ!

ಕೆಳಗಿನಿಂದ ಹತ್ತುತ್ತಾ ಹೋಗೋಣ. ಸೊನ್ನೆಯ ಸುತ್ತಮುತ್ತ ಯಾರಿಗೂ ಜಾಗವಿಲ್ಲ. ಹಲವು ವ್ಯವಸ್ಥೆಗಳಲ್ಲಿ ಮೊದಲ 65,536 ಬೈಟ್‌ಗಳಲ್ಲಿ ಸಾಮಾನ್ಯ ಪ್ರೊಸೆಸ್ ಏನನ್ನೂ ಮ್ಯಾಪ್ ಮಾಡುವಂತಿಲ್ಲ. ನಲ್ ಪಾಯಿಂಟರ್ (ಸೊನ್ನೆ ವಿಳಾಸ) ಮುಟ್ಟಿದ ಪ್ರೊಗ್ರಾಮು ಅಲ್ಲೇ ಸಾಯಲಿ ಎಂಬುದು ಒಂದು ಕಾರಣ. ಇನ್ನೂ ಮುಖ್ಯವಾದದ್ದು ಬೇರೆ: ಕರ್ನಲ್ಲೇ ಎಡವಿ ನಲ್ ಪಾಯಿಂಟರ್ ಹಿಂಬಾಲಿಸಿದಾಗ ಅಲ್ಲಿ ದಾಳಿಕಾರನ ಕೋಡು ಕಾದು ಕೂತಿರಬಾರದು.

ಹಳೇ ಶೈಲಿಯಲ್ಲಿ ಕಟ್ಟಿದ ಪ್ರೊಗ್ರಾಮು 4 ಎಂಬಿ ವಿಳಾಸದಿಂದ ಶುರುವಾಗುತ್ತದೆ. ಈಗಿನವು ಹೆಚ್ಚಾಗಿ ಎಲ್ಲಿ ಬೇಕಾದರೂ ಕೂರಬಲ್ಲವು. ಅವಕ್ಕೆ ಕರ್ನಲ್ ಆರಿಸುವ ಬುಡ, ಬಳಕೆದಾರ ಪ್ರದೇಶದ ಮೂರನೇ ಎರಡು ಭಾಗದಷ್ಟು ಎತ್ತರ. 128 ಟಿಬಿಯ ಮೂರನೇ ಎರಡು ಭಾಗವನ್ನು ಹದಿನಾರರ ಪದ್ಧತಿಯಲ್ಲಿ ಬರೆದರೆ ಸಾಲಾಗಿ ಐದುಗಳೇ ಬರುತ್ತವೆ. ಡಿಬಗರ್‌ನಲ್ಲಿ ಕೋಡಿನ ವಿಳಾಸ ಯಾವಾಗಲೂ 5555 ಎಂದೇ ಶುರುವಾಗುವುದರ ಗುಟ್ಟು ಇದು. ನನಗೆ ಇದು ಗೊತ್ತಾಗುವ ಹೊತ್ತಿಗೆ ಆ ಐದುಗಳನ್ನು ವರ್ಷಗಟ್ಟಲೆ ನೋಡಿಯಾಗಿತ್ತು.

ಪ್ರೊಗ್ರಾಮಿನ ಮೇಲ್ಗಡೆ ಓಡುವಾಗ ಕೇಳಿ ಪಡೆಯುವ ಮೆಮೊರಿಯ ಜಾಗವಾದ ಹೀಪ್, ಅದು ಮೇಲಕ್ಕೆ ಬೆಳೆಯುತ್ತದೆ. ತುತ್ತತುದಿಯ ಹತ್ತಿರ ಫಂಕ್ಷನ್‌ಗಳ ತಾತ್ಕಾಲಿಕ ದತ್ತಾಂಶ ಇರುವ ಸ್ಟ್ಯಾಕ್, ಅದು ಕೆಳಕ್ಕೆ. ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ಮಿತಿ. ಅದರ ಕೆಳಗೆ ಲೈಬ್ರರಿಗಳೂ ದೊಡ್ಡ ಹಂಚಿಕೆಗಳೂ ಬರುವ ಎಂಮ್ಯಾಪ್ ಪ್ರದೇಶ, ಇದೂ ಮೇಲಿನಿಂದ ಕೆಳಕ್ಕೆ ತುಂಬುತ್ತದೆ. ಸ್ಟ್ಯಾಕ್ ಬೆಳೆಯುತ್ತಾ ಬಂದು ಇನ್ನೊಂದು ಮ್ಯಾಪಿಂಗ್‌ಗೆ ತಗಲಬಾರದೆಂದು ನಡುವೆ ಕಾವಲು ಅಂತರ ಇದೆ. ಮೊದಲು ಒಂದೇ ಪೇಜ್ ಇತ್ತು. ಅದನ್ನು ಹಾರಿ ದಾಟಬಹುದು ಎಂದು 2017ರಲ್ಲಿ ತೋರಿಸಿಕೊಟ್ಟ ಮೇಲೆ 256 ಪೇಜ್, ಅಂದರೆ 1 ಎಂಬಿ ಮಾಡಿದರು.

ಕ್ಯಾಟ್ ಅನ್ನು ಎರಡು ಸಲ ಓಡಿಸಿ ಹೋಲಿಸಿದರೆ ವಿಳಾಸಗಳು ಬೇರೆಯಾಗಿರುತ್ತವೆ. ದಾಳಿಕಾರನಿಗೆ ವಿಳಾಸ ಊಹಿಸಲು ಆಗದಂತೆ ಕರ್ನಲ್ ಪ್ರತಿ ಸಲವೂ ಬುಡಗಳನ್ನು ಅಲುಗಾಡಿಸುತ್ತದೆ. 'ಸೆಟ್‌ಆರ್ಚ್' ಕಮಾಂಡಿಗೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ಅದರ ಮೂಲಕ ಓಡಿಸಿದರೆ ಅಲುಗಾಟ ಆ ಒಂದು ಪ್ರೊಗ್ರಾಮಿಗೆ ನಿಲ್ಲುತ್ತದೆ. ಮುಂದಿನ ಪ್ರಯೋಗಗಳಿಗೆ ಅದು ಅನುಕೂಲ.

ಪಟ್ಟಿಯ ಕೊನೆಯಲ್ಲಿ 'ವಿಡಿಎಸ್‌ಒ' ಕಂಡರೆ ಗಾಬರಿ ಬೇಡ. ಸಮಯ ಕೇಳುವಂಥ ಪದೇ ಪದೇ ಬರುವ ಕೆಲಸಕ್ಕೆ ಕರ್ನಲ್ ಒಳಗೆ ಹೋಗಿ ಬರುವ ಖರ್ಚು ಉಳಿಸಲು ಕರ್ನಲ್ಲೇ ಪ್ರೊಸೆಸ್ ಒಳಗೆ ಇಟ್ಟ ಪುಟ್ಟ ಲೈಬ್ರರಿ ಅದು.

ಹೆಜ್ಜೆ 3: ಒಂದು ವಿಳಾಸವನ್ನು ಕೈಯಲ್ಲೇ ಬಿಡಿಸಿ

ಈಗ ಎರಡನೇ ಪುಸ್ತಕ: ಪೇಜ್ ಟೇಬಲ್. ಮೆಮೊರಿಯನ್ನು 4,096 ಬೈಟ್‌ಗಳ ಪೇಜ್‌ಗಳಾಗಿ ಕತ್ತರಿಸಲಾಗಿದೆ. ಯಾವ ವರ್ಚುವಲ್ ಪೇಜ್ ಯಾವ ಭೌತಿಕ ಪೇಜ್‌ನಲ್ಲಿದೆ ಎಂದು ಒಂದೇ ಉದ್ದನೆಯ ಪಟ್ಟಿಯಲ್ಲಿ ಬರೆದಿಟ್ಟರೆ ಸಾಲದೇ? ಲೆಕ್ಕ ಹಾಕಿ ನೋಡಿ. 256 ಟಿಬಿಯನ್ನು 4 ಕೆಬಿಯಿಂದ ಭಾಗಿಸಿ, ನಮೂದಿಗೆ 8 ಬೈಟ್‌ನಂತೆ ಗುಣಿಸಿದರೆ ಒಂದೊಂದು ಪ್ರೊಸೆಸ್‌ಗೂ 512 ಜಿಬಿ ಪಟ್ಟಿಗೇ ಬೇಕು. ಅದಕ್ಕೇ ಪಟ್ಟಿಯನ್ನು ನಾಲ್ಕು ಹಂತದ ಮರವಾಗಿ ಮಾಡಿದ್ದಾರೆ. ಖಾಲಿ ಇರುವ ಕಡೆ ಕೊಂಬೆಯೇ ಬೆಳೆಯುವುದಿಲ್ಲ.

ಪ್ರತಿ ಟೇಬಲ್ಲಿನಲ್ಲಿ 512 ನಮೂದು, ತಲಾ 8 ಬೈಟ್, ಒಟ್ಟು ಸರಿಯಾಗಿ ಒಂದು ಪೇಜ್. 512 ಆರಿಸಲು 9 ಬಿಟ್ ಬೇಕು. ನಾಲ್ಕು ಹಂತಕ್ಕೆ 36, ಪೇಜ್‌ನ ಒಳಗಿನ ಸ್ಥಾನಕ್ಕೆ 12, ಕೂಡಿದರೆ 48. ಲಿನಕ್ಸ್ ಭಾಷೆಯಲ್ಲಿ ಮೇಲಿನಿಂದ ಕೆಳಕ್ಕೆ ಪಿಜಿಡಿ, ಪಿಯುಡಿ, ಪಿಎಂಡಿ, ಪಿಟಿಇ. ಒಂದು ನಮೂದಿನ ವ್ಯಾಪ್ತಿ ಅದೇ ಕ್ರಮದಲ್ಲಿ 512 ಜಿಬಿ, 1 ಜಿಬಿ, 2 ಎಂಬಿ, 4 ಕೆಬಿ.

ಒಂದು ಉದಾಹರಣೆ ಕೈಯಲ್ಲೇ ಮಾಡೋಣ. ವಿಳಾಸ 41,99,424 ಇರಲಿ, ಅಂದರೆ 4 ಎಂಬಿ ಆದಮೇಲೆ ಇನ್ನೂ 5 ಕೆಬಿ. ಇದನ್ನು 4,096ರಿಂದ ಭಾಗಿಸಿದರೆ ಭಾಗಲಬ್ಧ 1,025, ಶೇಷ 1,024. ಶೇಷವೇ ಪೇಜ್‌ನೊಳಗಿನ ಸ್ಥಾನ. 1,025ನ್ನು 512ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 1. ಆ 1 ಪಿಟಿಇ ಸಂಖ್ಯೆ. 2ನ್ನು ಮತ್ತೆ 512ರಿಂದ ಭಾಗಿಸಿದರೆ ಶೇಷ 2, ಅದು ಪಿಎಂಡಿ ಸಂಖ್ಯೆ. ಮೇಲಿನೆರಡೂ ಸೊನ್ನೆ. ಪ್ರೊಸೆಸರ್ ಮಾಡುವುದೂ ಇದನ್ನೇ: ಸಿಆರ್3 ರಿಜಿಸ್ಟರ್‌ನಲ್ಲಿ ಪಿಜಿಡಿಯ ಭೌತಿಕ ವಿಳಾಸ ಇರುತ್ತದೆ, ಅಲ್ಲಿ 0ನೇ ನಮೂದು, ಅದು ತೋರಿಸುವ ಟೇಬಲ್ಲಿನಲ್ಲಿ 0ನೆಯದು, ಅಲ್ಲಿಂದ 2ನೆಯದು, ಆಮೇಲೆ 1ನೆಯದು. ಅಲ್ಲಿ ಸಿಕ್ಕ ಭೌತಿಕ ಪೇಜ್‌ನಲ್ಲಿ 1,024ನೇ ಬೈಟ್. ಪ್ರೊಸೆಸ್ ಬದಲಾದಾಗ ಕರ್ನಲ್ ಸಿಆರ್3ಕ್ಕೆ ಬೇರೆ ಬೆಲೆ ತುಂಬುತ್ತದೆ. ಅಷ್ಟಕ್ಕೇ ಇಡೀ ಪ್ರಪಂಚ ಬದಲಾದಂತೆ.

ಪ್ರತಿ ಸಲ ನಾಲ್ಕು ಕಡೆ ಹೋಗಿ ಬಂದರೆ ಯಂತ್ರ ತೆವಳಬೇಕಾಗುತ್ತದೆ. ಅದಕ್ಕೆ ಇತ್ತೀಚಿನ ಉತ್ತರಗಳನ್ನು ಪ್ರೊಸೆಸರ್ ಟಿಎಲ್‌ಬಿ ಎಂಬ ಪುಟ್ಟ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಪೇಜ್ ಟೇಬಲ್ ತಿದ್ದಿದ ಕರ್ನಲ್ ಆ ಹಳೆಯ ಉತ್ತರಗಳನ್ನು ಅಳಿಸಲೂಬೇಕು, ಬೇರೆ ಕೋರ್‌ಗಳಲ್ಲಿ ಇರುವುದನ್ನೂ ಸೇರಿಸಿ. ನೂರಾರು ಥ್ರೆಡ್‌ಗಳ ಪ್ರೊಗ್ರಾಮಿನಲ್ಲಿ ಪದೇ ಪದೇ ಮ್ಯಾಪ್ ಮಾಡಿ ಬಿಡುವುದು ದುಬಾರಿಯಾಗಲು ಇದು ದೊಡ್ಡ ಕಾರಣ.

ಹೆಜ್ಜೆ 4: ಮಾತು ಕೊಟ್ಟದ್ದಕ್ಕೂ ಕೈಗೆ ಕೊಟ್ಟದ್ದಕ್ಕೂ ಇರುವ ಅಂತರ ಅಳೆಯಿರಿ

ಹತ್ತು ಸಾಲಿನ ಸಿ ಪ್ರೊಗ್ರಾಮು ಬರೆಯಿರಿ. ಮೆಮೊರಿ ಕೇಳುವ ಫಂಕ್ಷನ್ ಆದ ಮ್ಯಾಲಾಕ್‌ನಿಂದ 1 ಜಿಬಿ ಕೇಳಿ, ಒಂದು ಕೀಲಿ ಒತ್ತುವವರೆಗೆ ಕಾಯಲಿ. ಆಮೇಲೆ ಪ್ರತಿ 4,096 ಬೈಟ್‌ಗೆ ಒಂದರಂತೆ ಓದಲಿ, ಓದಿದ್ದನ್ನು ಕೂಡಿಸಿ ಮೊತ್ತವನ್ನು ಮುದ್ರಿಸಲಿ. ಇಲ್ಲದಿದ್ದರೆ ಕಂಪೈಲರ್ ಆ ಲೂಪನ್ನೇ ತೆಗೆದುಹಾಕೀತು. ಮತ್ತೆ ಕಾಯಲಿ. ಕೊನೆಗೆ ಅದೇ ಜಾಗಗಳಲ್ಲಿ ಬರೆದು ಇನ್ನೊಮ್ಮೆ ಕಾಯಲಿ. ಮತ್ತೊಂದು ಟರ್ಮಿನಲ್‌ನಲ್ಲಿ ಪ್ರಾಕ್ ಡೈರೆಕ್ಟರಿಯೊಳಗೆ ಈ ಪ್ರೊಸೆಸ್‌ನ ಸಂಖ್ಯೆಯಡಿ ಇರುವ 'ಸ್ಟೇಟಸ್' ಫೈಲ್ ತೆರೆದು 'ವಿಎಂಸೈಜ್' (ಒಪ್ಪಿಕೊಂಡದ್ದು), 'ವಿಎಂಆರ್‌ಎಸ್‌ಎಸ್' (ರ‍್ಯಾಮ್‌ನಲ್ಲಿ ನಿಜವಾಗಿ ಕೊಟ್ಟದ್ದು), 'ವಿಎಂಪಿಟಿಇ' (ಪೇಜ್ ಟೇಬಲ್ಲಿಗೇ ಹಿಡಿದ ಜಾಗ) ಎಂಬ ಮೂರು ಸಾಲು ಗಮನಿಸುತ್ತಿರಿ.

ಮ್ಯಾಲಾಕ್ ಆದ ಕೂಡಲೇ ವಿಎಂಸೈಜ್ 1 ಜಿಬಿ ಜಿಗಿಯುತ್ತದೆ, ವಿಎಂಆರ್‌ಎಸ್‌ಎಸ್ ಕದಲುವುದಿಲ್ಲ. ಮೊದಲ ಪುಸ್ತಕದಲ್ಲಿ ಒಂದು ಸಾಲು ಸೇರಿತು, ಎರಡನೆಯದರಲ್ಲಿ ಏನೂ ಇಲ್ಲ. ಇನ್ನು ಓದಿದ ಮೇಲೆ? ಹೆಚ್ಚಿನವರು ತಪ್ಪು ಊಹಿಸುವುದು ಇಲ್ಲೇ. ವಿಎಂಆರ್‌ಎಸ್‌ಎಸ್ ಆಗಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇನ್ನೂ ಬರೆಯದ ಪೇಜ್ ಓದಿದರೆ ಸೊನ್ನೆಗಳು ಸಿಗಬೇಕು ಅಷ್ಟೇ. ಅದಕ್ಕೆ ಇಡೀ ವ್ಯವಸ್ಥೆಗೆ ಸಾಮಾನ್ಯವಾದ ಸೊನ್ನೆ ತುಂಬಿದ ಪೇಜ್ ಒಂದನ್ನೇ ಕರ್ನಲ್ ಎಲ್ಲ ಕಡೆ ತೋರಿಸಿಬಿಡುತ್ತದೆ, ಬರೆಯುವ ಅನುಮತಿ ಇಲ್ಲದೆ. ಬರೆದಾಗ ಮಾತ್ರ ನಿಜವಾದ ಪೇಜ್ ಬರುತ್ತದೆ, ವಿಎಂಆರ್‌ಎಸ್‌ಎಸ್ 1 ಜಿಬಿ ಏರುತ್ತದೆ. ಬರೆಯುವ ಲೂಪ್ ಒಂದಕ್ಕೇ 4 ಕೆಬಿ ಪೇಜ್‌ಗಳಾದರೆ 2,62,144 ಪೇಜ್ ಫಾಲ್ಟ್ ಆಗಿರುತ್ತವೆ, ವಿಎಂಪಿಟಿಇ ಸುಮಾರು 2 ಎಂಬಿ ಬೆಳೆದಿರುತ್ತದೆ. ಕರ್ನಲ್ ತಾನೇ 2 ಎಂಬಿಯ ದೊಡ್ಡ ಪೇಜ್ ಕೊಡುವ ಸೆಟ್ಟಿಂಗ್ ಜಾರಿಯಲ್ಲಿದ್ದರೆ ಅದೇ ಕೆಲಸ ಸುಮಾರು 512 ಫಾಲ್ಟ್‌ಗಳಲ್ಲಿ ಮುಗಿಯುತ್ತದೆ.

ಪೇಜ್ ಫಾಲ್ಟ್ ಅನ್ನುವ ಹೆಸರು ಕೇಳಿ ತಪ್ಪು ತಿಳಿಯುವವರು ಬಹಳ. ಅದು ದೋಷವೇ ಆಗಬೇಕೆಂದಿಲ್ಲ, ಎರಡು ಪುಸ್ತಕಗಳನ್ನು ತಾಳೆ ಹಾಕುವ ಗಳಿಗೆ ಅಷ್ಟೆ. ಎರಡನೇ ಪುಸ್ತಕದಲ್ಲಿ ಉತ್ತರ ಸಿಗದ ಪ್ರೊಸೆಸರ್ ಕರ್ನಲನ್ನು ಕರೆಯುತ್ತದೆ. ಕರ್ನಲ್ ಮೊದಲನೆಯದನ್ನು ತೆರೆದು ನೋಡುತ್ತದೆ. ಆ ವಿಳಾಸಕ್ಕೆ ನಮೂದಿದೆಯೇ, ಅನುಮತಿ ಹೊಂದುತ್ತದೆಯೇ? ಹೌದಾದರೆ ಪೇಜ್ ಹುಡುಕಿ ಎರಡನೆಯದರಲ್ಲಿ ಬರೆದು ಅದೇ ಸೂಚನೆಯನ್ನು ಮತ್ತೆ ಓಡಿಸಲು ಬಿಡುತ್ತದೆ. ಪ್ರೊಗ್ರಾಮಿಗೆ ಏನೂ ಗೊತ್ತಾಗುವುದಿಲ್ಲ. ಪೇಜ್ ಆಗಲೇ ರ‍್ಯಾಮ್‌ನಲ್ಲಿದ್ದರೆ ಅಥವಾ ಸೊನ್ನೆ ತುಂಬಿ ಕೊಟ್ಟರೆ ಸಾಕಾದರೆ ಅದು ಮೈನರ್ ಫಾಲ್ಟ್. ಡಿಸ್ಕಿನಿಂದ ತರಬೇಕಾದರೆ ಮೇಜರ್, ಇದು ಸಾವಿರಾರು ಪಟ್ಟು ನಿಧಾನವಾಗಬಹುದು.

ಈ ಹುಡುಕಾಟ ಬೇಗ ಆಗಬೇಕು. ಬಹುಕಾಲ ಲಿನಕ್ಸ್ ಮೊದಲ ಪುಸ್ತಕವನ್ನು ಕೆಂಪು-ಕಪ್ಪು ಮರದಲ್ಲಿ ಇಟ್ಟಿತ್ತು. 2022ರ 6.1 ಆವೃತ್ತಿಯಿಂದ ಮೇಪಲ್ ಟ್ರೀ ಬಂತು. 2023ರ 6.4ರಲ್ಲಿ ಒಂದೊಂದು ವಿಎಂಎಗೂ ಪ್ರತ್ಯೇಕ ಬೀಗ ಬಂದು, ಒಂದು ಥ್ರೆಡ್ ಎಂಮ್ಯಾಪ್ ಮಾಡುತ್ತಿರುವಾಗ ಇನ್ನೊಂದರ ಫಾಲ್ಟ್ ಸಾಲಲ್ಲಿ ಕಾಯುವುದು ಬಹುಮಟ್ಟಿಗೆ ತಪ್ಪಿತು.

ಪ್ರೊಸೆಸ್‌ನ ನಕಲನ್ನು ಹುಟ್ಟಿಸುವ ಫೋರ್ಕ್ ಅಗ್ಗವಾಗಿರುವುದೂ ಇದೇ ಉಪಾಯದಿಂದ. ಮಗು ಪ್ರೊಸೆಸ್‌ಗೆ ಮೊದಲ ಪುಸ್ತಕ ನಕಲಾಗುತ್ತದೆ, ಪೇಜ್‌ಗಳು ನಕಲಾಗುವುದಿಲ್ಲ. ಎರಡೂ ಕಡೆಯ ಪೇಜ್ ಟೇಬಲ್‌ಗಳಲ್ಲಿ ಬರೆಯುವ ಅನುಮತಿ ಕಿತ್ತುಹಾಕಿ ಕರ್ನಲ್ ಸುಮ್ಮನಿರುತ್ತದೆ. ಯಾರಾದರೂ ಬರೆಯಹೋದರೆ ಫಾಲ್ಟ್ ಆಗುತ್ತದೆ. ಬರೆಯಬಹುದು ಅನ್ನುತ್ತದೆ ಮೊದಲ ಪುಸ್ತಕ, ಕೂಡದು ಅನ್ನುತ್ತದೆ ಎರಡನೆಯದು. ಈ ಭಿನ್ನಾಭಿಪ್ರಾಯ ಕಂಡಾಗಲೇ ಆ ಒಂದು ಪೇಜ್ ನಕಲಾಗುತ್ತದೆ.

ಕೊಟ್ಟ ಮಾತೆಲ್ಲ ಒಟ್ಟಿಗೆ ನಡೆಸಬೇಕಾಗಿ ಬಂದರೆ? ಆಗ ರ‍್ಯಾಮ್ ಸಾಲದೆ ಕರ್ನಲ್ ಯಾವುದಾದರೂ ಪ್ರೊಸೆಸ್‌ಅನ್ನು ಕೊಂದು ಜಾಗ ಬಿಡಿಸಿಕೊಳ್ಳುತ್ತದೆ. ಮಾತು ಕೊಡುವಾಗಲೇ ಬಿಗಿ ಹಿಡಿಯಬೇಕೆಂದರೆ 'ಓವರ್‌ಕಮಿಟ್ ಮೆಮೊರಿ' ಸೆಟ್ಟಿಂಗ್‌ನಲ್ಲಿ 2 ಹಾಕಬಹುದು. ಅದಕ್ಕೆ ಮುಂಚೆ ಯೋಚಿಸಿ, ಎಷ್ಟೋ ಪ್ರೊಗ್ರಾಮುಗಳು ಧಾರಾಳವಾಗಿ ಕೇಳಿ ಕೊಂಚವೇ ಬಳಸುವ ಅಭ್ಯಾಸದ ಮೇಲೆ ನಿಂತಿವೆ.

ಹೆಜ್ಜೆ 5: ಮೇಲಿನ ಅರ್ಧ, ಕರ್ನಲ್‌ನ ಸ್ವಂತ ಮನೆ

ಪಿಜಿಡಿಯ 0ರಿಂದ 255ರವರೆಗಿನ ನಮೂದುಗಳು ಪ್ರೊಸೆಸ್‌ನವು, 256ರಿಂದ 511 ಕರ್ನಲ್‌ನವು. ಮೇಲರ್ಧ ಎಲ್ಲ ಪ್ರೊಸೆಸ್‌ಗಳಿಗೂ ಬಹುಮಟ್ಟಿಗೆ ಒಂದೇ, ಏಕೆಂದರೆ ಎಲ್ಲರ ಪಿಜಿಡಿಗಳೂ ಅದೇ ಕೆಳಹಂತದ ಟೇಬಲ್‌ಗಳ ಕಡೆ ಕೈ ತೋರಿಸುತ್ತವೆ. ಯಾದೃಚ್ಛಿಕ ಅಲುಗಾಟವನ್ನು ಬದಿಗಿಟ್ಟು, ನಾಲ್ಕು ಹಂತದ ವಿನ್ಯಾಸದಲ್ಲಿ ಯಾರು ಎಲ್ಲಿದ್ದಾರೆ ನೋಡೋಣ.

256ರಿಂದ 16 ನಮೂದು, ಅಂದರೆ 8 ಟಿಬಿ, ಖಾಲಿ ಬಿಟ್ಟ ಕಾವಲು ಜಾಗ. 273ರಿಂದ 400ರವರೆಗೆ 64 ಟಿಬಿಯ ಡೈರೆಕ್ಟ್ ಮ್ಯಾಪ್. ಯಂತ್ರದ ಅಷ್ಟೂ ರ‍್ಯಾಮ್ ಇಲ್ಲಿ ನೇರ ಕ್ರಮದಲ್ಲಿ ಕಾಣುತ್ತದೆ. ಭೌತಿಕ ವಿಳಾಸಕ್ಕೆ ಒಂದು ಸ್ಥಿರ ಸಂಖ್ಯೆ ಕೂಡಿಸಿದರೆ ಕರ್ನಲ್‌ನ ವರ್ಚುವಲ್ ವಿಳಾಸ ಸಿಕ್ಕಿತು. ಕರ್ನಲ್ ತನಗೇ ಮೆಮೊರಿ ಪಡೆಯಲು ಬಳಸುವ ಕೆಮ್ಯಾಲಾಕ್ ಕೊಡುವ ಮೆಮೊರಿ ಇಲ್ಲಿಯದು, ಹಾಗಾಗಿ ಭೌತಿಕವಾಗಿಯೂ ಅಕ್ಕಪಕ್ಕದಲ್ಲೇ ಇರುತ್ತದೆ. 402ರಿಂದ 32 ಟಿಬಿ ವಿಮ್ಯಾಲಾಕ್ ಪ್ರದೇಶ. ಚೆದುರಿದ ಪೇಜ್‌ಗಳನ್ನು ಆಯ್ದು ಕರ್ನಲ್ ಕಣ್ಣಿಗೆ ಒಂದೇ ಸಾಲಾಗಿ ಜೋಡಿಸುವುದು ಇದರ ಕೆಲಸ. ಡ್ರೈವರ್ ಬರೆಯುವವರು ಈ ಎರಡರ ವ್ಯತ್ಯಾಸ ಮರೆತು ವಿಮ್ಯಾಲಾಕ್ ಮೆಮೊರಿಯನ್ನು ಅಕ್ಕಪಕ್ಕದ್ದೆಂದು ನಂಬಿ ಹಾರ್ಡ್‌ವೇರ್‌ಗೆ ಕೊಟ್ಟರೆ ಕೆಡುಕು ಖಚಿತ.

468ರಿಂದ 1 ಟಿಬಿಯ ವಿಎಂಮೆಮ್ಯಾಪ್. ನನಗೆ ಈ ವಿನ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಮೂಲೆ ಇದು. ಪ್ರತಿ ಭೌತಿಕ ಪೇಜ್‌ಗೂ ಕರ್ನಲ್ 64 ಬೈಟ್‌ನ ವಿವರ ಬರೆದಿಡುತ್ತದೆ. 64 ಟಿಬಿ ರ‍್ಯಾಮ್‌ನ ಅಷ್ಟೂ ಪೇಜ್‌ಗಳಿಗೆ ಲೆಕ್ಕ ಹಾಕಿ ನೋಡಿ, ಒಂದು ಬೈಟ್ ಹೆಚ್ಚಿಲ್ಲ ಕಡಿಮೆಯಿಲ್ಲ, ಸರಿಯಾಗಿ 1 ಟಿಬಿ. 16 ಜಿಬಿ ಯಂತ್ರದಲ್ಲಿ ಇದು 256 ಎಂಬಿ. ಕೊಂಡ ರ‍್ಯಾಮ್ ಪೂರ್ತಿ ಯಾಕೆ ಕಾಣುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿದೆ.

ಕರ್ನಲ್‌ನ ಸ್ವಂತ ಕೋಡು ಕಟ್ಟಕಡೆಯ 511ನೇ ನಮೂದಿನಲ್ಲಿ, ತುದಿಯಿಂದ 2 ಜಿಬಿ ಒಳಗೆ. ಏಕೆ ಅಷ್ಟು ತುದಿಯಲ್ಲಿ? ಪ್ರೊಸೆಸರ್ ಸೂಚನೆಗಳಲ್ಲಿ ವಿಳಾಸಕ್ಕೆ ಸಾಮಾನ್ಯವಾಗಿ 32 ಬಿಟ್ ಜಾಗ ಇರುತ್ತದೆ. ಅದನ್ನು ಋಣ ಸಂಖ್ಯೆಯಾಗಿ 64 ಬಿಟ್‌ಗೆ ಹಿಗ್ಗಿಸಿದರೆ ಸರಿಯಾಗಿ ಈ ಕೊನೆಯ 2 ಜಿಬಿಗೆ ಹೋಗಿ ತಲುಪುತ್ತದೆ. ಚಿಕ್ಕ ಸೂಚನೆಗಳಲ್ಲೇ ಕೆಲಸ ಸಾಗುತ್ತದೆ. ಮಾಡ್ಯೂಲ್‌ಗಳೂ ಇದೇ ಪಕ್ಕದಲ್ಲಿ ಕೂರುತ್ತವೆ.

32 ಬಿಟ್ ಕಾಲದವರಿಗೆ ಈ ಧಾರಾಳತನ ಇರಲಿಲ್ಲ. ಒಟ್ಟು 4 ಜಿಬಿಯಲ್ಲಿ 3 ಪ್ರೊಸೆಸ್‌ಗೆ, 1 ಕರ್ನಲ್‌ಗೆ. ಆ 1 ಜಿಬಿಯಲ್ಲಿ ನೇರವಾಗಿ ಮ್ಯಾಪ್ ಆಗುತ್ತಿದ್ದದ್ದು 896 ಎಂಬಿ ರ‍್ಯಾಮ್. ಉಳಿದದ್ದು ಹೈಮೆಮ್, ಬೇಕಾದಾಗ ಕಿಟಕಿ ತೆರೆದು ನೋಡಿ ಮುಚ್ಚಬೇಕಿತ್ತು.

ಹೆಜ್ಜೆ 6: ಗೋಡೆ ಎಷ್ಟು ಗಟ್ಟಿ

ಮೇಲರ್ಧ ಎಲ್ಲರ ಪೇಜ್ ಟೇಬಲ್ಲಿನಲ್ಲೂ ಇದ್ದರೆ ಪ್ರೊಗ್ರಾಮು ಅದನ್ನು ಓದದಂತೆ ತಡೆಯುವುದು ನಮೂದಿನ ಒಂದೇ ಬಿಟ್. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಬಯಲಾದಾಗ ಆ ಬಿಟ್ ಸಾಲದು ಎಂದು ತಿಳಿಯಿತು. ಅನುಮತಿ ಪರೀಕ್ಷೆಯ ಫಲ ಬರುವ ಮುನ್ನವೇ ಕೆಲವು ಪ್ರೊಸೆಸರ್‌ಗಳು ಊಹೆಯ ಮೇಲೆ ಓದಿ ಮುಂದುವರಿಯುತ್ತಿದ್ದವು, ಅದರ ಜಾಡು ಕ್ಯಾಶ್‌ನಲ್ಲಿ ಉಳಿಯುತ್ತಿತ್ತು. ಲಿನಕ್ಸ್ ಉತ್ತರವಾಗಿ ಪ್ರತಿ ಪ್ರೊಸೆಸ್‌ಗೆ ಎರಡು ಪಿಜಿಡಿ ಕೊಟ್ಟಿತು. ಕರ್ನಲ್ ಒಳಗಿರುವಾಗ ಪೂರ್ತಿ ನಕ್ಷೆ. ಹೊರಗೆ ಇರುವಾಗಿನದರಲ್ಲಿ ಕರ್ನಲ್‌ಗೆ ಕಾಲಿಡಲು ಬೇಕಾದ ಹೊಸ್ತಿಲಿನಷ್ಟು ಭಾಗ ಮಾತ್ರ. ಎರಡೂ ಪಿಜಿಡಿ ಅಕ್ಕಪಕ್ಕದ ಪೇಜ್‌ಗಳಲ್ಲಿ ಇರುವುದರಿಂದ ಸಿಆರ್3ರಲ್ಲಿ ಅವನ್ನು ಆರಿಸಲು 12ನೇ ಬಿಟ್ ತಿರುಗಿಸಿದರೆ ಆಯಿತು. ನಿಮ್ಮ ಯಂತ್ರದಲ್ಲಿ ಇದು ಜಾರಿಯಲ್ಲಿದೆಯೇ ಎಂದು ತಿಳಿಯಲು 'ಸಿಸ್' ಡೈರೆಕ್ಟರಿಯಡಿ ಸಿಪಿಯು ವಿಭಾಗದ 'ವಲ್ನರಬಿಲಿಟೀಸ್' ಒಳಗಿನ 'ಮೆಲ್ಟ್‌ಡೌನ್' ಫೈಲ್ ಓದಿ.

ಹೆಜ್ಜೆ 7: ಸೆಗ್‌ಫಾಲ್ಟ್ ಸಾಲನ್ನು ಎರಡು ಪುಸ್ತಕವಾಗಿ ಓದಿ

ಮುಟ್ಟಬಾರದ ವಿಳಾಸ ಮುಟ್ಟಿ ಪ್ರೊಗ್ರಾಮು ಸತ್ತಾಗ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ 'ಸೆಗ್‌ಫಾಲ್ಟ್' ಸಾಲು ಬರುತ್ತದೆ. ಅದರಲ್ಲಿ 'ಎರರ್' ಆದ ಮೇಲಿನ ಅಂಕಿ ಎರಡನೇ ಪುಸ್ತಕದ ಮಾತು. ಕೊನೆಯ ಬಿಟ್ 0 ಆದರೆ ಪೇಜ್ ಟೇಬಲ್ಲಿನಲ್ಲಿ ಪೇಜ್ ಇರಲಿಲ್ಲ, 1 ಆದರೆ ಇತ್ತು ಆದರೆ ಅನುಮತಿ ಇರಲಿಲ್ಲ. ಮುಂದಿನ ಬಿಟ್ 1 ಆದರೆ ಬರೆಯಹೋಗಿತ್ತು. ಅದರ ಮುಂದಿನದು 1 ಆದರೆ ಬಳಕೆದಾರ ಕೋಡಿನಿಂದಲೇ ಆದದ್ದು. ಹಾಗಾಗಿ 4 ಎಂದರೆ ಇಲ್ಲದ್ದನ್ನು ಓದಿತು, 6 ಎಂದರೆ ಇಲ್ಲದ್ದಕ್ಕೆ ಬರೆಯಿತು, 7 ಎಂದರೆ ಇದ್ದದ್ದಕ್ಕೆ ಅನುಮತಿ ಮೀರಿ ಬರೆಯಿತು. ಮೊದಲ ಪುಸ್ತಕದ ಮಾತು ಬೇಕಾದರೆ ಕರ್ನಲ್ ಪ್ರೊಗ್ರಾಮಿಗೆ ಕಳಿಸುವ ಸಿಗ್ನಲ್‌ನ ಕೋಡ್ ನೋಡಬೇಕು: 'ಮ್ಯಾಪ್‌ಎರ್' ಎಂದರೆ ಆ ವಿಳಾಸಕ್ಕೆ ನಮೂದೇ ಇಲ್ಲ, 'ಆಕ್‌ಎರ್' ಎಂದರೆ ನಮೂದಿದೆ, ಅನುಮತಿ ಇಲ್ಲ.

ಎರಡನ್ನೂ ಕೂಡಿಸಿ ಓದಬೇಕಾದ ಒಂದು ಪ್ರಸಂಗ. ಕೋಡಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ಸ್ಥಿರ ಪಠ್ಯವನ್ನು ತಿದ್ದಹೋದರೆ ಸಾಮಾನ್ಯವಾಗಿ ಬರುವುದು 7 ಮತ್ತು ಆಕ್‌ಎರ್. ಒಮ್ಮೊಮ್ಮೆ ಅದೇ ತಪ್ಪಿಗೆ 6 ಬರುತ್ತದೆ, ಸಿಗ್ನಲ್ ಮಾತ್ರ ಆಕ್‌ಎರ್ ಎಂದೇ ಹೇಳುತ್ತದೆ. ಆ ಪೇಜ್‌ಅನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಓದುವುದಕ್ಕೆ ಒಪ್ಪಿ ಮೊದಲ ಪುಸ್ತಕದಲ್ಲಿ ಬರೆದಾಗಿತ್ತು, ಎರಡನೆಯದರಲ್ಲಿ ಇನ್ನೂ ಏರಿಸಿರಲಿಲ್ಲ.